ಯಜಮಾನಿ ಆಡದ ಭಾಷಣ

ಹಳೆಯ ಟೇಪುಗಳನ್ನು ಬೇಯಿಸುವುದು ನನ್ನ ಕೆಲಸದ ಒಂದು ಭಾಗ ಎಂದರೆ ಯಾರೂ ನಂಬುವುದಿಲ್ಲ. ತಮಾಷೆಯಲ್ಲ, ನಿಜವಾಗಿಯೂ ಬೇಯಿಸುತ್ತೇವೆ. ನಲವತ್ತು ವರ್ಷದ ಹಿಂದಿನ ರೀಲ್ ಟೇಪಿನಲ್ಲಿ ದನಿ ಇರುವುದು ಒಂದು ಕಂದು ಪುಡಿಯಲ್ಲಿ. ಆ ಪುಡಿಯನ್ನು ಹಿಡಿದಿಟ್ಟ ಅಂಟು ಇಷ್ಟು ವರ್ಷ ಗಾಳಿಯ ತೇವ ಕುಡಿದು ಮೆತ್ತಗಾಗಿರುತ್ತದೆ. ಹಾಗೆಯೇ ಯಂತ್ರಕ್ಕೆ ಹಾಕಿದರೆ ಟೇಪು ಕಿರ್ರೆಂದು ಕಿರುಚಿ, ಯಂತ್ರದ ದನಿ ಓದುವ ಹೆಡ್‌ಗೆ ಅಂಟಿಕೊಂಡು, ಇದ್ದ ದನಿಯನ್ನೂ ಕೆರೆದು ಉದುರಿಸಿಬಿಡುತ್ತದೆ. ಐವತ್ತನಾಲ್ಕು ಡಿಗ್ರಿ ಬಿಸಿಯಲ್ಲಿ ಎಂಟು ಗಂಟೆ ಇಟ್ಟು, ಅಷ್ಟೇ ಹೊತ್ತು ಆರಲು ಬಿಟ್ಟರೆ ಅಂಟು ಮತ್ತೆ ಗಟ್ಟಿಯಾಗುತ್ತದೆ, ಕೆಲವು ವಾರ ಟೇಪು ಸಲೀಸಾಗಿ ಓಡುತ್ತದೆ. ಇದಕ್ಕೆ ದೊಡ್ಡ ಉಪಕರಣವೇನೂ ಬೇಡ. ಹಣ್ಣು ತರಕಾರಿ ಒಣಗಿಸುವ ಡಿಹೈಡ್ರೇಟರ್ ಸಾಕು. ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಯೂನಿಯನ್ ಸಿಟಿಯ ನಮ್ಮ ಅಡುಗೆಮನೆಯಲ್ಲಿ ಅಂಥದ್ದೊಂದಿದೆ. ನಾನು ಅದನ್ನು ಕೊಂಡದ್ದು ಟೇಪಿಗೆಂದು. ಕೊಂಡದ್ದು ತಮಗೆಂದು ನಮ್ಮ ಅತ್ತೆಯವರ ನಂಬಿಕೆ.

ಈ ವರ್ಷ ನಾನು ಅದರಲ್ಲಿ ಬೇಯಿಸಿದ ಟೇಪು ಯಜಮಾನಿಯದು. ಸ್ಯಾನ್ ಫ್ರಾನ್ಸಿಸ್ಕೋದ ಒಂದು ಹಳೆಯ ಲಾಂಡ್ರಿಯಲ್ಲಿ, ಯಾರೂ ಒಳಗೆ ಬಿಟ್ಟುಕೊಳ್ಳದ ಹುಡುಗ ಹುಡುಗಿಯರಿಗಾಗಿ ಪಂಕ್ ರಾಕ್ ಕ್ಲಬ್ಬು ತೆರೆದವರು ಅವರು. ಗಿಟಾರಿನ ಮೂರು ಸ್ವರಗುಚ್ಛ ನುಡಿಸಲು ಬಂದರೆ ಸಾಕು, ಮಿಕ್ಕಿದ್ದೆಲ್ಲ ಸಿಟ್ಟು, ಅಂಥ ಸಂಗೀತ. ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ ಶುರು. ಕೆಲವೇ ವರ್ಷ ನಡೆದ ಆ ಕ್ಲಬ್ಬಿನ ಹೆಸರು ಪಂಕ್ ಕೇಳುವವರ ಬಾಯಲ್ಲಿ ಇವತ್ತಿಗೂ ಇದೆ. ಕೊನೆಗೆ ಕಟ್ಟಡದ ಮಾಲೀಕ ಆಳು ಕಳಿಸಿ ಖಾಲಿ ಮಾಡಿಸಿದ. ಈಗ ಅದೇ ಕಟ್ಟಡವನ್ನು ಒಂದು ಕಂಪನಿ ಚೆಂದದ ಹಾಲ್ ಮಾಡಿ ನಡೆಸುತ್ತಿದೆ. ನಾನು ಅಲ್ಲಿ ಧ್ವನಿ ನೋಡಿಕೊಳ್ಳುತ್ತಿದ್ದೆ.

ಮಂಗಳೂರಿನಿಂದ ಬಂದು, ಓದು ಮುಗಿಸಿ, ಈ ಕಸುಬಿಗೆ ಇಳಿದ ಹೊಸತರಲ್ಲಿ ನನಗೆ ಕೇಬಲ್ ಸುತ್ತುವ ಕೆಲಸ ಬಿಟ್ಟು ಬೇರೇನೂ ಕೊಡುತ್ತಿರಲಿಲ್ಲ. ಒಂದು ದಿನ ಯಜಮಾನಿ ಕೋಲೂರಿಕೊಂಡು ಕಾರ್ಯಕ್ರಮ ನೋಡಲು ಬಂದಿದ್ದರು. ಹಾಡುವವಳ ದನಿ ಕೇಳುತ್ತಿಲ್ಲ ಎಂದು ಧ್ವನಿ ಏರಿಸಿ ಇಳಿಸುವ ಬೋರ್ಡಿನ ಹತ್ತಿರ ಬಂದು ಬೈದರು. ನಾನು ಹಿಂದೆ ನಿಂತು, ಗಿಟಾರಿನ ಸದ್ದು ಇಳಿಸಿದರೆ ಸರಿಹೋಗುತ್ತದೆ ಎಂದೆ. ‘ಹಾಗಾದ್ರೆ ನೀನೇ ಕೂತ್ಕೋ,’ ಎಂದು ಅಲ್ಲಿದ್ದವನನ್ನು ಕೋಲಿನಿಂದಲೇ ಎಬ್ಬಿಸಿದರು. ಅವತ್ತಿನಿಂದ ನಾನು ಬೋರ್ಡಿನಲ್ಲಿದ್ದೇನೆ. ಅವರು ತೀರಿಕೊಂಡರು ಎಂಬ ಸುದ್ದಿ ಬಂದಾಗ ಟ್ರೇನಿನಲ್ಲಿದ್ದೆ, ಎದುರಿನವರು ಟಿಶ್ಯೂ ಕೊಡುವಷ್ಟು ಅತ್ತೆ.

ಮೂರು ವಾರದ ನಂತರ ಒಂದು ಭಾನುವಾರ ಮೂರು ಗಂಟೆಗೆ ಹಾಲ್‌ನಲ್ಲೇ ಅವರ ನೆನಪಿನ ಸಭೆ ಎಂದಾಯಿತು. ಅಲ್ಲಿನ ಮ್ಯಾನೇಜರು ಬೆಂಗಳೂರಿನವರು, ಲಾಸ್ ಆಲ್ಟೋಸ್‌ನಲ್ಲಿ ಮನೆ. ಯಜಮಾನಿಯ ಸಾಮಾನುಗಳ ನಡುವೆ ಸಿಕ್ಕ ಒಂದು ರೀಲನ್ನು ನನ್ನ ಕೈಗಿಟ್ಟರು. ಡಬ್ಬಿಯ ಮೇಲೆ ‘ಕೊನೆಯ ಭಾನುವಾರ’ ಎಂದು ಬರೆದಿತ್ತು.

‘ಫೇಮಸ್ ಸ್ಪೀಚು ಇರೋದು ಇದ್ರಲ್ಲೇ. ಕ್ಲೀನ್ ಮಾಡ್ಕೊಡಿ. ಎರಡು ನಿಮಿಷದ ಮೇಲೆ ಬೇಡ, ಜನ ಬೋರ್ ಆಗ್ತಾರೆ.’

ಆ ಭಾಷಣ ಗೊತ್ತಿಲ್ಲದವರಿಲ್ಲ. ಮಾಲೀಕನ ಆಳುಗಳು ನುಗ್ಗಿದಾಗ ಯಜಮಾನಿ ವೇದಿಕೆ ಹತ್ತಿ, ಮೈಕು ಹಿಡಿದು, ‘ಈ ಬಾಗಿಲು ಮುಚ್ಚಬಲ್ಲಿರಿ, ನಮ್ಮ ಬಾಯಿ ಮುಚ್ಚಲಾರಿರಿ’ ಎಂದು ಗುಡುಗಿದರಂತೆ. ಆ ಸಾಲನ್ನು ದೊಡ್ಡ ಅಕ್ಷರದಲ್ಲಿ ಬರೆಸಿದ ಬ್ಯಾನರ್ ಆಗಲೇ ವೇದಿಕೆಯ ಹಿಂದೆ ತೂಗುತ್ತಿತ್ತು. ಆದರೆ ಆ ಮಾತನ್ನು ಅವರ ದನಿಯಲ್ಲಿ ಕೇಳಿದವರು ಯಾರೂ ನನಗೆ ಸಿಕ್ಕಿರಲಿಲ್ಲ, ಒಬ್ಬರನ್ನು ಬಿಟ್ಟು. ಕ್ಲಬ್ಬಿನ ಬಾಗಿಲು ಕಾಯುತ್ತಿದ್ದವರು ಅವರು, ಈಗ ಎಪ್ಪತ್ತರ ಹತ್ತಿರ. ನಾನು ಮನಸ್ಸಿನಲ್ಲೇ ಅವರಿಗೆ ಬಾಗಿಲಜ್ಜ ಎಂದು ಹೆಸರಿಟ್ಟಿದ್ದೆ. ಪತ್ರಿಕೆಯವರಿಗೆಲ್ಲ ಆ ಭಾಷಣವನ್ನು ಹೇಳಿದವರು ಅವರೇ.

ಟೇಪಿನಲ್ಲಿ ಎರಡು ಚಾನೆಲ್, ಒಂದೊಂದು ಅಂಚಿಗೆ ಒಂದೊಂದು. ಎಡಗಡೆಯದು ವೇದಿಕೆಯ ಮೈಕುಗಳಿಂದ, ಮಿಕ್ಸರ್ ಮೂಲಕ ಬಂದದ್ದು. ಬಲಗಡೆಯದು ಸೂರಿನಿಂದ ಇಳಿಬಿಟ್ಟು ನೇರ ರೆಕಾರ್ಡರಿಗೇ ಜೋಡಿಸಿದ ಒಂದೇ ಮೈಕು, ಅದೂ ಜನರ ಕಡೆ ಮುಖಮಾಡಿದ್ದು. ಬಲಗಡೆಯದು ಬರೀ ಗದ್ದಲ ಎಂದು ನಾನು ಮೊದಲೇ ತೀರ್ಮಾನಿಸಿಬಿಟ್ಟಿದ್ದೆ. ಭಾಷಣ ಇರಬೇಕಾದದ್ದು ಎಡಗಡೆ.

ಬೆಳಿಗ್ಗೆ ಎಂಟಕ್ಕೆ ರೀಲನ್ನು ಡಿಹೈಡ್ರೇಟರಿನ ಕೆಳಗಿನ ತಟ್ಟೆಯಲ್ಲಿಟ್ಟೆ. ಹನ್ನೆರಡಕ್ಕೆ ಕ್ರಮದಂತೆ ಅದನ್ನು ಮಗುಚಿ ಹಾಕಿದೆ. ಆಮೇಲೆ ಮೀಟಿಂಗಿಗೆಂದು ಟ್ರೇನು ಹಿಡಿದು ಸ್ಯಾನ್ ಫ್ರಾನ್ಸಿಸ್ಕೋಗೆ ಹೋದೆ. ಅತ್ತೆಗೆ ಏನೂ ಹೇಳಿಹೋಗಲಿಲ್ಲ. ಅವರು ಧಾರವಾಡದಲ್ಲಿ ಮೂವತ್ತು ವರ್ಷ ಪ್ರೈಮರಿ ಶಾಲೆಯ ಟೀಚರ್ ಆಗಿದ್ದವರು, ನೋಡಿದರೆ ಗೊತ್ತಾಗುತ್ತದಲ್ಲ ಅಂದುಕೊಂಡೆ.

ಸಂಜೆ ಐದಕ್ಕೆ ಬಾಗಿಲು ತೆಗೆದ ಕೂಡಲೇ ಇಂಗು ಮಜ್ಜಿಗೆಯ ವಾಸನೆ ಮೂಗಿಗೆ ಹೊಡೆಯಿತು. ಅಡುಗೆಮನೆಗೆ ಓಡಿದೆ. ಡಿಹೈಡ್ರೇಟರಿನ ಮೇಲಿನ ನಾಲ್ಕೂ ತಟ್ಟೆಯಲ್ಲಿ ಮಜ್ಜಿಗೆಯಲ್ಲಿ ನೆನೆದ ಮೆಣಸಿನಕಾಯಿ ಸಾಲಾಗಿ ಮಲಗಿದ್ದವು. ಬಿಸಿಯ ಗುಂಡಿ ಎಪ್ಪತ್ತರ ಮೇಲಿತ್ತು.

‘ಎಂತ ಮಾಡಿದ್ರಿ ಅತ್ತೆ?’

‘ಬಾಳಕದ ಮೆಣಸಿನಕಾಯಿ, ವಾ. ನಾಕು ತಟ್ಟಿ ಖಾಲಿ ಇದ್ವು. ಸುಮ್ನ ಕರೆಂಟ್ ಯಾಕ ದಂಡ ಮಾಡೂದು ಅಂತ ಇಟ್ಟೆ. ಬಿಸಿ ಸಾಲಲಿಲ್ಲ, ಅದಕ್ಕ ಒಂದೀಟು ಜಾಸ್ತಿ ಮಾಡೀನಿ.’

‘ಕೆಳಗೆ ನನ್ನ ಟೇಪ್ ಇತ್ತಲ್ಲ!’

‘ಅದಕ್ಕೇನ್ ಆಗಿಲ್ಲ ನೋಡು, ಮುಟ್ಟೇ ಇಲ್ಲ ನಾ ಅದನ್ನ.’

ಮುಟ್ಟಿರಲಿಲ್ಲ ನಿಜ. ಆದರೆ ಕೆಳಗಿನ ಹೀಟರಿನ ಕಾವಿಗೆ ರೀಲಿನ ಪ್ಲಾಸ್ಟಿಕ್ ಬಿಲ್ಲೆ ಸೊಟ್ಟಗಾಗಿ ಟೇಪನ್ನು ಒತ್ತಿತ್ತು. ಟೇಪಿನ ಒಂದು ಅಂಚು ಸೀರೆಯ ನೆರಿಗೆಯ ಹಾಗೆ ಅಲೆಯೆದ್ದಿತ್ತು. ನಾನೇ ಮಧ್ಯಾಹ್ನ ಮಗುಚಿದ್ದರಿಂದ ಕೆಳಗೆ ಬಂದದ್ದು ಎಡಗಡೆಯ ಚಾನೆಲ್ಲಿನ ಅಂಚು. ನಾನು ಏನೇನೋ ಕೂಗಾಡಿದೆ. ಅತ್ತೆ ಮೆಣಸಿನಕಾಯಿಯನ್ನೆಲ್ಲ ಕಸದ ಡಬ್ಬಿಗೆ ಸುರಿದು ಕೋಣೆಗೆ ಹೋದರು. ಆಮೇಲೆ ನನಗೇ ಕೆಟ್ಟದೆನಿಸಿತು.

ಮರುದಿನ ಬಾಗಿಲಜ್ಜನಿಗೆ ಫೋನು ಮಾಡಿ, ಎಡಗಡೆ ಹಾಳಾಗಿದೆ ಎಂದೆ. ಬೈಯುತ್ತಾರೆ ಎಂದು ಕಾದಿದ್ದೆ. ಅವರು ದೊಡ್ಡದೊಂದು ಉಸಿರು ಬಿಟ್ಟು, ‘ಹೋಗಲಿ ಬಿಡಿ, ಅದರ ಹಿಂದೆ ಬೀಳಬೇಡಿ,’ ಎಂದರು. ಎಷ್ಟು ದೊಡ್ಡ ಮನಸ್ಸು ಎಂದುಕೊಂಡೆ. ಅವರ ಮಾತು ಕೇಳಬಹುದಿತ್ತು. ಆದರೆ ಯಾರಾದರೂ ಬಿಡು ಎಂದರೆ ಬಿಡುವ ಜಾಯಮಾನ ನನ್ನದಲ್ಲ.

ಅಂಚು ಅಲೆಯೆದ್ದ ಟೇಪು ಹೆಡ್‌ಗೆ ಸರಿಯಾಗಿ ತಾಗುವುದಿಲ್ಲ, ದನಿ ಬಂದು ಬಂದು ಹೋಗುತ್ತದೆ. ಫೆಲ್ಟ್ ಬಟ್ಟೆಯ ಚೂರನ್ನು ಐಸ್‌ಕ್ರೀಮ್ ಕಡ್ಡಿಗೆ ಅಂಟಿಸಿ, ಟೇಪು ಓಡುವಾಗ ಕೈಯಲ್ಲೇ ಮೆತ್ತಗೆ ಒತ್ತಿ ಹಿಡಿಯಬೇಕು. ಜೋರಾಯಿತೋ ವೇಗ ಕುಗ್ಗಿ ದನಿ ಗೊಗ್ಗರಾಗುತ್ತದೆ, ಸಡಿಲವಾಯಿತೋ ಏನೂ ಕೇಳುವುದಿಲ್ಲ. ಹತ್ತು ಸೆಕೆಂಡಿನ ತುಂಡು ತುಂಡಾಗಿ, ಒಂದೊಂದನ್ನು ಏಳೆಂಟು ಸಲ ಓಡಿಸಿ, ಚೆನ್ನಾಗಿ ಬಂದದ್ದನ್ನು ಜೋಡಿಸುತ್ತ ಹೋದೆ. ಒಂದು ವಾರ ಮೀರಿತು. ಬಲಗೈ ಹೆಬ್ಬೆರಳು ಮರಗಟ್ಟಿತು. ಮೊದಲ ಅರ್ಧ ಗಂಟೆ ಒಂದು ಬ್ಯಾಂಡಿನ ಹಾಡುಗಳು. ಆಮೇಲೆ ಹಾಡಿನ ನಡುವೆಯೇ ‘ಟಕ್’ ಎಂಬ ಶಬ್ದ. ಆಮೇಲೆ ಏನೂ ಇಲ್ಲ. ಗುಂಯ್ ಎನ್ನುವ ಕರೆಂಟಿನ ಸದ್ದು ಕೂಡ ಇಲ್ಲ.

ಬರಬರುತ್ತ ಅರ್ಥವಾಯಿತು. ಬಂದವರು ಮೇನ್ ಸ್ವಿಚ್ಚನ್ನೇ ಆರಿಸಿದ್ದರು. ಮಿಕ್ಸರ್ ಸತ್ತಿತ್ತು, ವೇದಿಕೆಯ ಮೈಕುಗಳು ಸತ್ತಿದ್ದವು. ಲಾಂಡ್ರಿಯ ಹಳೆಯ ವೈರಿಂಗನ್ನು ನಂಬದ ಯಜಮಾನಿ ರೆಕಾರ್ಡರನ್ನು ಮಾತ್ರ ಬ್ಯಾಟರಿ ಮೇಲೆ ಓಡಿಸುತ್ತಿದ್ದರು, ಹಾಗಾಗಿ ಅದೊಂದು ಓಡಿತ್ತು. ಸತ್ತ ಮೈಕಿನಲ್ಲಿ ಯಾರೂ ಭಾಷಣ ಮಾಡಲಾರರು. ಬಾಳಕದ ಕಾವು ಸುಟ್ಟದ್ದು ಖಾಲಿ ಜಾಗವನ್ನು.

ಮ್ಯಾನೇಜರಿಗೆ ಹೇಳಿದೆ. ಅವರಿಗೆ ಬೇಸರವೇ ಆಗಲಿಲ್ಲ.

‘ನೋ ಪ್ರಾಬ್ಲಮ್. ಅವರ ಇಂಟರ್‌ವ್ಯೂಗಳು ಬೇಕಾದಷ್ಟಿವೆ. ಎಐಗೆ ವಾಯ್ಸು ಕೊಟ್ರೆ ಸ್ಪೀಚು ರೆಡಿ. ಸ್ವಲ್ಪ ಹಳೇ ಟೇಪಿನ ಥರ ಗರಗರ ಸೇರಿಸಿಬಿಡಿ, ಯಾರಿಗೂ ಗೊತ್ತಾಗಲ್ಲ.’

ಯೋಚಿಸುತ್ತೇನೆ ಎಂದೆ. ಅಲ್ಲೇ ಆಗುವುದಿಲ್ಲ ಎನ್ನಬೇಕಿತ್ತು. ಎನ್ನಲಿಲ್ಲ. ನನಗೆ ಬರುವ ಕೆಲಸದಲ್ಲಿ ಮುಕ್ಕಾಲು ಪಾಲು ಆ ಹಾಲ್‌ನದೇ ಆಗಿತ್ತು, ಅದಕ್ಕೆ ಬಾಯಿ ಕಟ್ಟಿತು. ಆ ದಿನದ ನೆನಪಿಗೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಇನ್ನುಳಿದದ್ದು ಬಲಗಡೆ. ಸುಮ್ಮನೆ ಕುತೂಹಲಕ್ಕೆಂದು ಅದರ ಗದ್ದಲ ಇಳಿಸುವ ಫಿಲ್ಟರುಗಳನ್ನು ಹಾಕಿ ಕೂತಿದ್ದೆ. ಕಿರುಚಾಟ, ಬೂಟುಗಳ ಸದ್ದು, ಒಂದು ಹೆಂಗಸಿನ ದನಿ ಏನೋ ತುಂಡು ತುಂಡು. ಸೋಸಿದಷ್ಟೂ ಮಸುಕಾಗುತ್ತಿತ್ತು. ಅತ್ತೆ ಚಹಾ ತಂದರು. ಮೆಣಸಿನಕಾಯಿಯ ನಂತರ ನಮ್ಮಿಬ್ಬರ ನಡುವೆ ಹೆಚ್ಚು ಮಾತಿರಲಿಲ್ಲ. ಲೋಟ ಇಟ್ಟವರು ಹೋಗದೆ ನಿಂತರು.

‘ಹಾಜರಿ ತಗೊಳ್ಳಾಕತ್ತಾಳಲ್ಲ ಆಕಿ.’

‘ಯಾರು ಅತ್ತೆ?’

‘ಆ ಹೆಂಗಸು. ಒಂದು ಹೆಸರು ಕೂಗ್ತಾಳ, ನಿಂದರ್ತಾಳ. ಕೂಗ್ತಾಳ, ನಿಂದರ್ತಾಳ. ಮೂವತ್ತು ವರ್ಷ ಮಾಡೀನಿ ನಾ ಇದನ್ನ, ನನಗ ತಿಳಿಯೂದಿಲ್ಲೇನು? ನೀ ಆ ಹುಡುಗರ ದನಿ ಕತ್ತರಿಸಾಕತ್ತಿ, ಅದಕ್ಕ ತಿಳಿವಲ್ದು ನಿನಗ.’

ಫಿಲ್ಟರುಗಳನ್ನು ಒಂದೊಂದಾಗಿ ತೆಗೆದೆ. ಗದ್ದಲವೆಲ್ಲ ವಾಪಸು ಬಂತು. ಅದರ ನಡುವೆ, ಇಳಿಬಿಟ್ಟ ಮೈಕಿನ ಸರಿಯಾಗಿ ಕೆಳಗೆ, ಯಜಮಾನಿ ನಿಂತಿದ್ದರು. ಹೆಸರು ಕೂಗುತ್ತಿದ್ದರು. ‘ರೇಡಿಯೋ!’ ಎಲ್ಲಿಂದಲೋ ‘ಇಲ್ಲೇ!’ ‘ಪಿಕಲ್!’ ‘ಇಲ್ಲೇ!’ ಯಾರೋ ಬಿದ್ದಿದ್ದಾರೆ, ಎತ್ತಿ ಎನ್ನುತ್ತಾರೆ, ಮತ್ತೆ ಹೆಸರು. ಒಬ್ಬ ಗಂಡಸು ಹೊರಗೆ ನಡಿ ಎಂದು ಗದರುತ್ತಾನೆ. ಯಜಮಾನಿ ದನಿ ಏರಿಸುವುದೂ ಇಲ್ಲ. ‘ನನ್ನ ಪುಸ್ತಕದಲ್ಲಿ ಇನ್ನೂ ಆರು ಮಕ್ಕಳಿದ್ದಾರೆ. ನೀನು ಟಾರ್ಚ್ ಹಿಡಿದುಕೋ, ಬೇಗ ಆಗುತ್ತೆ,’ ಎನ್ನುತ್ತಾರೆ. ಅವನು ಟಾರ್ಚ್ ಹಿಡಿದನೋ ಏನೋ, ಆಮೇಲೆ ಅವನ ದನಿ ಕೇಳುವುದಿಲ್ಲ.

ಅತ್ತೆಯ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಅವರು, ‘ಇರಲಿ ಬಿಡು, ಚಾ ಆರತೈತಿ,’ ಎಂದರು.

ಬಾಗಿಲಜ್ಜನಿಗೆ ಇದನ್ನು ಕೇಳಿಸಲೇಬೇಕೆಂದು ಮನೆಗೆ ಕರೆದೆ. ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಸ್ಪೀಕರಿನಿಂದ ಮೊದಲ ಹೆಸರು ಬಂತು. ‘ಪ್ಯಾಡ್‌ಲಾಕ್!’ ಉತ್ತರವಿಲ್ಲ. ಮುಂದಿನ ಹೆಸರು, ಅದರ ಮುಂದಿನದು. ಪ್ರತಿ ಹತ್ತು ಹೆಸರಿಗೊಮ್ಮೆ ಯಜಮಾನಿ ಮತ್ತೆ ‘ಪ್ಯಾಡ್‌ಲಾಕ್!’ ಎನ್ನುತ್ತಾರೆ, ಮತ್ತೆ ಉತ್ತರವಿಲ್ಲ. ಬಾಗಿಲಜ್ಜ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

‘ಅದು ನಾನು,’ ಎಂದರು.

ಕ್ಲಬ್ಬಿನ ಬಾಗಿಲಲ್ಲಿ ಒಂದೇ ನಿಯಮವಿತ್ತಂತೆ. ವಯಸ್ಸು ಕೇಳುವುದಿಲ್ಲ, ಗುರುತಿನ ಚೀಟಿ ಕೇಳುವುದಿಲ್ಲ, ಒಂದು ಹೆಸರು ಹೇಳಬೇಕು. ನಿಜವಾದದ್ದೋ ಸುಳ್ಳೋ, ಯಾವುದಾದರೂ ಸರಿ. ಅದನ್ನು ಬಾಗಿಲಜ್ಜ ಪುಸ್ತಕದಲ್ಲಿ ಬರೆಯಬೇಕು, ಮೊದಲು ತಮ್ಮದನ್ನು ಬರೆದು. ಒಳಗೆ ಬಂದ ಪ್ರತಿಯೊಬ್ಬರೂ ಹೊರಗೆ ಹೋದದ್ದು ಯಜಮಾನಿಗೆ ಖಾತ್ರಿಯಾಗಬೇಕು. ಆ ಭಾನುವಾರ ಆಳುಗಳು ನುಗ್ಗಿದಾಗ ಇವರು ಪುಸ್ತಕವನ್ನು ಬಾಗಿಲಲ್ಲೇ ಬಿಸಾಕಿ ಓಡಿ ವೇದಿಕೆಯ ಕೆಳಗೆ ತೂರಿಕೊಂಡರು. ಪುಸ್ತಕ ಯಜಮಾನಿಗೆ ಸಿಕ್ಕಿತು.

‘ಪ್ರತಿ ಸಲ ಕೂಗಿದಾಗಲೂ ನನಗೆ ಕೇಳಿಸುತ್ತಿತ್ತು. ಬಾಯಿ ಬರಲಿಲ್ಲ. ಎಲ್ಲರೂ ಹೋದ ಮೇಲೂ ಆಕೆ ಹೋಗಲಿಲ್ಲ. ಕೊನೆಗೆ ಬಗ್ಗಿ ನೋಡಿ, ಕೈ ಹಿಡಿದು ಎಳೆದಳು. ಯಾರಿಗೂ ಹೇಳಲಿಲ್ಲ. ಮರುದಿನ ಪತ್ರಿಕೆಯವರು, ನೀವು ಬಾಗಿಲಲ್ಲಿದ್ದಿರಲ್ಲ, ಏನಾಯಿತು ಎಂದರು. ಏನು ಹೇಳಲಿ? ಭಾಷಣ ಹುಟ್ಟಿಸಿದೆ.’

‘ಅವರಿಗೆ ಗೊತ್ತಿತ್ತೇ?’

‘ಓದಿ ನಕ್ಕಳು. ನನ್ನ ಬಾಯಲ್ಲಿ ಇಷ್ಟು ಒಳ್ಳೆ ವ್ಯಾಕರಣ ಬರಲ್ಲ ಅಂದಳು ಅಷ್ಟೇ.’ ಆಮೇಲೆ ತಲೆಯೆತ್ತಿ, ‘ದಯವಿಟ್ಟು ಇದನ್ನು ಹಾಕಬೇಡಿ,’ ಎಂದರು.

ಏನು ಮಾಡಬೇಕೆಂದು ನಾನು ತೀರ್ಮಾನಿಸಿದ್ದು ಆಗಲೇ. ಹೆಸರೊಂದನ್ನು ಕತ್ತರಿಸುವುದು ನನಗೆ ನಿಮಿಷದ ಕೆಲಸ. ಅದನ್ನು ಮಾಡುವುದಿಲ್ಲ ಎಂದೆ. ಕಂಪನಿಯ ಸುಳ್ಳು ಭಾಷಣವನ್ನೂ ಹಾಕುವುದಿಲ್ಲ. ಒಬ್ಬ ಹೆಂಗಸು ಕತ್ತಲಲ್ಲಿ ನಿಂತು ಮಕ್ಕಳ ಹಾಜರಿ ತೆಗೆದುಕೊಂಡು ಒಂದು ಗುಂಪನ್ನು ಸೋಲಿಸಿದ್ದಾಳೆ, ಅದಕ್ಕಿಂತ ಬ್ಯಾನರಿನ ಸಾಲು ದೊಡ್ಡದೇ? ‘ಇದು ನಿಮ್ಮ ಗುಟ್ಟು, ನೀವು ಬೇಡ ಎಂದರೆ ಭಾನುವಾರ ಸ್ಪೀಕರು ಮೌನವಾಗಿರುತ್ತದೆ. ಆದರೆ ಅವರು ಆಡದ ಮಾತು ಅವರ ದನಿಯಲ್ಲಿ ನನ್ನ ಬೋರ್ಡಿನಿಂದ ಹೋಗುವುದಿಲ್ಲ,’ ಎಂದೆ. ಅವರು ಎದ್ದು ಹೊರಟುಹೋದರು.

ಮ್ಯಾನೇಜರಿಗೆ ಅದೇ ದಿನ ಫೋನು ಮಾಡಿದೆ.

‘ನಮ್ಮೋರು ಅಂತ ನಿಮಗೆ ಇಷ್ಟು ಶೋ ಕೊಟ್ಟಿದ್ದು ನಾನು,’ ಎಂದರು. ‘ಒಂದು ಬಟನ್ ಒತ್ತೋಕೆ ಇಷ್ಟು ಡ್ರಾಮಾನಾ? ಹೆಸರು ಕೂಗೋದನ್ನ ಯಾರ್ ಕೇಳ್ತಾರೆ ಮೇಡಂ? ಅದು ನಾಯ್ಸು.’

‘ಸತ್ತವರ ಬಾಯಿಗೆ ಮಾತು ತುರುಕೋದು ನನ್ನ ಕೆಲಸ ಅಲ್ಲ ಸರ್. ನಿಮಗೆ ಬೇಕಾದ್ರೆ ಬೇರೆಯವರನ್ನ ಕರ್ಕೊಳ್ಳಿ.’

ಮೂರು ದಿನದಲ್ಲಿ ಆ ಹಾಲ್‌ನ ಬೋರ್ಡು ಬಲ್ಲ ಬೇರೆಯವರು ಸಿಗುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ‘ಭಾನುವಾರ ನೋಡೋಣ,’ ಎಂದು ಇಟ್ಟರು.

ಭಾನುವಾರ ಎರಡೂವರೆಗೆ ಹಾಲ್ ತುಂಬಿತ್ತು. ನರೆತ ತಲೆಗಳು, ಕಿತ್ತುಹೋದ ಚರ್ಮದ ಜಾಕೆಟ್ಟುಗಳು, ಊರುಗೋಲುಗಳು. ಅತ್ತೆಯೂ ಇಳಕಲ್ ಸೀರೆ ಉಟ್ಟು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಮ್ಯಾನೇಜರು ಒಂದು ಲ್ಯಾಪ್‌ಟಾಪ್ ತಂದು ಬೋರ್ಡಿನ ಪಕ್ಕ ಇಟ್ಟರು, ಭಾಷಣ ಅದರಲ್ಲಿ ತಯಾರಾಗಿತ್ತು. ಅದಕ್ಕೆ ಕೇಬಲ್ ಸಿಕ್ಕಿಸಲಿಲ್ಲ. ಅವರು ನೋಡಿದರು. ನಾನೂ ನೋಡಿದೆ. ‘ಇದೇ ನಿಮ್ಮ ಕೊನೇ ಶೋ ಇಲ್ಲಿ,’ ಎಂದು ಮೆಲ್ಲಗೆ ಹೇಳಿ ಮುಂದಿನ ಸಾಲಿಗೆ ಹೋದರು. ಮಾತು ಉಳಿಸಿಕೊಂಡರು, ಆ ಹಾಲ್‌ನಿಂದ ನನಗೆ ಮತ್ತೆ ಕರೆ ಬಂದಿಲ್ಲ. ಬರದಿದ್ದರೆ ಬೇಡ.

ಮೂರಕ್ಕೆ ಐದು ನಿಮಿಷ ಇರುವಾಗ ಬಾಗಿಲಜ್ಜ ಬಂದರು. ರಾತ್ರಿ ನಿದ್ದೆ ಮಾಡಿದ ಮುಖವಲ್ಲ. ಬೋರ್ಡಿನ ಅಂಚು ಹಿಡಿದು ನಿಂತರು.

‘ಹಾಕಿ,’ ಎಂದರು. ‘ಪೂರ್ತಿ.’

ಅವರು ವೇದಿಕೆಗೆ ಹೋಗಲಿಲ್ಲ, ಮೈಕು ಕೊಟ್ಟರೂ ಹಿಡಿಯಲಿಲ್ಲ. ನಿಂತಲ್ಲಿಂದಲೇ, ಆ ಬ್ಯಾನರಿನ ಮಾತು ಯಜಮಾನಿಯದಲ್ಲ, ನಾನು ಕಟ್ಟಿದ ಸುಳ್ಳು, ನಿಜವಾಗಿ ಆದದ್ದು ಇದು ಎಂದು ಎರಡೇ ವಾಕ್ಯದಲ್ಲಿ ಹೇಳಿದರು. ಸಭೆಯಲ್ಲಿ ಗುಜುಗುಜು ಎದ್ದಿತು. ನಾನು ಎಡಗಡೆಯ ಚಾನೆಲ್ಲನ್ನು ಪೂರ್ತಿ ಇಳಿಸಿ, ಬಲಗಡೆಯದನ್ನು ಏರಿಸಿದೆ. ಒಂದೇ ಒಂದು ಫಿಲ್ಟರೂ ಹಾಕಲಿಲ್ಲ.

ಅದೇ ಗೋಡೆಗಳ ನಡುವೆ ಆ ಗದ್ದಲ ಮತ್ತೆ ತುಂಬಿತು. ಬೂಟುಗಳು, ಕಿರುಚಾಟ, ಯಾರೋ ಅಳುವುದು. ಕೂತಿದ್ದವರ ಬೆನ್ನು ನೆಟ್ಟಗಾಯಿತು. ಆಮೇಲೆ ಯಜಮಾನಿಯ ದನಿ, ಸ್ಪಷ್ಟವಾಗಿ, ಸ್ವಲ್ಪ ಸಿಡುಕಿನಲ್ಲಿ.

‘ಪ್ಯಾಡ್‌ಲಾಕ್!’

ಟೇಪಿನಲ್ಲಿ ಅಲ್ಲಿ ನಾಲ್ಕು ಸೆಕೆಂಡು ಖಾಲಿ ಇದೆ. ಮನೆಯಲ್ಲಿ ಎಷ್ಟೋ ಸಲ ಅಳೆದಿದ್ದೆ. ನನ್ನ ಪಕ್ಕದಲ್ಲಿ ಬಾಗಿಲಜ್ಜನ ಎದೆ ಒಮ್ಮೆ ಉಬ್ಬಿತು.

‘ಇಲ್ಲೇ ಇದ್ದೀನಿ!’ ಎಂದು ಹಾಲ್ ಅದುರುವಂತೆ ಕೂಗಿದರು.

ಯಜಮಾನಿ ಎರಡನೆಯ ಹೆಸರು ಕೂಗಿದರು.